ಮ್ಯಾಗ್ನೆಟ್ ಕ್ಯೂಬ್ ಕೈಯಲ್ಲಿ ನಾಲ್ಕು ವರ್ಷ: ಒಬ್ಬ ಬಳಕೆದಾರನ ವಿಮರ್ಶೆ

ರೂಬಿಕ್ ಕ್ಯೂಬ್ ಬಿಡಿಸುವ ಹವ್ಯಾಸ ಶುರು ಮಾಡಬೇಕು, ಏನು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಮ್ಯಾಗ್ನೆಟ್ ಇರುವ 3×3 ಕ್ಯೂಬ್ (ಮುಖಕ್ಕೆ ಮೂರು ಸಾಲು, ಸಾಲಿಗೆ ಮೂರು ಚೌಕ) ಒಂದು ಸಾಕು. ನಾನು ಬಳಸುತ್ತಿರುವುದು ಮೋಯು ಕಂಪನಿಯ ಆರ್‌ಎಸ್3ಎಂ 2020. ನಲವತ್ತು ದಾಟಿದ ಮೇಲೆ ಕೊಂಡಿದ್ದು. ನಾಲ್ಕು ವರ್ಷ ಆಗುತ್ತಾ ಬಂತು. ಈಗಲೂ ಕೈಗೆ ಎಟುಕುವ ಜಾಗದಲ್ಲೇ ಇದೆ.

ಕ್ಯೂಬ್‌ಗಳ ಬಗ್ಗೆ ಓದಲು ಸಿಗುವ ವಿಮರ್ಶೆಗಳು ಹೆಚ್ಚಾಗಿ ಡಬ್ಬ ತೆರೆದ ವಾರದಲ್ಲಿ ಬರೆದವು. ಬಣ್ಣ ಚೆನ್ನಾಗಿದೆ, ಸಲೀಸಾಗಿ ತಿರುಗುತ್ತದೆ, ಐದು ಸ್ಟಾರ್. ಆದರೆ ಒಂದು ಕ್ಯೂಬ್ ಹೇಗಿದೆ ಅನ್ನುವುದು ಗೊತ್ತಾಗುವುದು ಬಿಡಿಸಲು ಕಲಿತ ಮೇಲೆ. ಬಹಳ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆರೂ ಬಣ್ಣ ಕೂಡಿತು, ಮುಗೀತು ಅಂತ ಕಪಾಟಿಗೆ ಸೇರಿಸುತ್ತಾರೆ. ನನಗೆ ಇದು ನಿಜವಾಗಿ ಹಿಡಿಸಿದ್ದು ಆ ಹಂತ ದಾಟಿದ ಮೇಲೆ. ಹಾಗಾಗಿ ಈ ಬರಹದಲ್ಲಿ ವಸ್ತುವಿನ ಜೊತೆಗೆ ಹವ್ಯಾಸದ ವಿಮರ್ಶೆಯೂ ಇದೆ.

ಮೊದಲು ವಸ್ತು. ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರ್‌ನಲ್ಲಿ ನೂರು ರೂಪಾಯಿಗೆ ಸಿಗುವ ಕ್ಯೂಬ್ ನಮಗೆಲ್ಲ ಗೊತ್ತು. ಒಂದು ಪದರ ಪೂರ್ತಿ ಸರಿಯಾಗಿ ಕೂರದಿದ್ದರೆ ಪಕ್ಕದ ಪದರ ಅಲ್ಲಾಡುವುದಿಲ್ಲ. ಬಲ ಹಾಕಿದರೆ ತುಂಡು ಹಾರಿಹೋಗುತ್ತದೆ. ಕೈ ಬೆವರಿಗೆ ಬಣ್ಣದ ಸ್ಟಿಕರ್ ಏಳುತ್ತದೆ. ಇಂಥದರಲ್ಲಿ ಕಲಿಯಲು ಕೂತ ಮಗು ತನಗೆ ಬುದ್ಧಿ ಕಮ್ಮಿ ಅಂದುಕೊಂಡು ಬಿಟ್ಟುಬಿಡುತ್ತದೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಮಗುವಿನಲ್ಲಿ ಏನೂ ಕೊರತೆ ಇರುವುದಿಲ್ಲ. ಕೊರತೆ ಇರುವುದು ಪ್ಲಾಸ್ಟಿಕ್‌ನಲ್ಲಿ.

ಸ್ಪೀಡ್ ಕ್ಯೂಬ್ ಅಂತ ಕರೆಯುವ ಈಗಿನ ಕ್ಯೂಬ್‌ಗಳ ಒಳಗಿನ ಆಕಾರವೇ ಬೇರೆ. ತುಂಡುಗಳ ಒಳ ಅಂಚು ದುಂಡಗಿರುತ್ತದೆ. ಹಾಗಾಗಿ ಒಂದು ಪದರ ಸ್ವಲ್ಪ ಓರೆಯಾಗಿ ನಿಂತಿದ್ದರೂ ಇನ್ನೊಂದು ಪದರ ಅದನ್ನು ಸರಿಸಿಕೊಂಡು ತಿರುಗುತ್ತದೆ. ಇದಕ್ಕೆ ಕಾರ್ನರ್ ಕಟಿಂಗ್ ಅನ್ನುತ್ತಾರೆ. ಇನ್ನು ಮ್ಯಾಗ್ನೆಟ್. ಕ್ಯೂಬ್‌ನಲ್ಲಿ 12 ಅಂಚಿನ ತುಂಡುಗಳಿವೆ, ಪ್ರತಿಯೊಂದರ ಆಚೀಚೆ ಒಂದೊಂದು ಮೂಲೆ ತುಂಡು. ಅಂದರೆ ಅಂಚು ಮತ್ತು ಮೂಲೆ ಮುಟ್ಟುವ ಜಾಗ ಒಟ್ಟು 24. ಪ್ರತಿ ಜಾಗದಲ್ಲೂ ಎರಡೂ ಕಡೆ ಒಂದೊಂದು ಸಣ್ಣ ಮ್ಯಾಗ್ನೆಟ್, ಒಟ್ಟು 48. ಪದರ ತಿರುಗಿ ಸರಿಯಾದ ಜಾಗಕ್ಕೆ ಹತ್ತಿರ ಬಂದ ಕೂಡಲೇ ಅವು ಎಳೆದು ಕೂರಿಸುತ್ತವೆ. ಬೆರಳಿಗೆ ಒಂದು ಮೆತ್ತನೆಯ ಟಿಕ್ ಅನುಭವ ಆಗುತ್ತದೆ.

ಈ ಟಿಕ್ ನನಗೆ ಬಹಳ ಮುಖ್ಯ ಅನಿಸಿತು. ನಮ್ಮಂಥ ವಯಸ್ಸಾದ ಬೆರಳುಗಳು ಹುಡುಗರ ಹಾಗೆ ಅಳೆದು ತಿರುಗಿಸುವುದಿಲ್ಲ. ಒಂದು ಸಲ ಜಾಸ್ತಿ ತಿರುಗುತ್ತದೆ, ಒಂದು ಸಲ ಕಮ್ಮಿ. ಮ್ಯಾಗ್ನೆಟ್ ಇದ್ದರೆ ಆ ವ್ಯತ್ಯಾಸವನ್ನು ಕ್ಯೂಬ್ ತಾನೇ ತುಂಬಿಕೊಳ್ಳುತ್ತದೆ. ಕಣ್ಣು ಮುಂದಿನ ತುಂಡನ್ನು ಹುಡುಕಲು ಬಿಡುವಾಗುತ್ತದೆ. ಹೊಸಬರಿಗೆ ಯಾಕೆ ಮ್ಯಾಗ್ನೆಟ್, ಸಾದಾ ಕ್ಯೂಬ್ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ನನ್ನ ಪ್ರಕಾರ ಹೊಸಬರಿಗೇ ಅದು ಜಾಸ್ತಿ ಬೇಕು.

ನಾಲ್ಕು ವರ್ಷದಲ್ಲಿ ಮ್ಯಾಗ್ನೆಟ್ ಸೆಳೆತ ಕಮ್ಮಿ ಆದ ಹಾಗೆ ನನಗೆ ಅನಿಸಿಲ್ಲ. ಇದು ಸ್ಟಿಕರ್ ಇಲ್ಲದ ಮಾದರಿ, ಪ್ಲಾಸ್ಟಿಕ್‌ಗೇ ಬಣ್ಣ ಇದೆ. ಹಾಗಾಗಿ ಸುಲಿದು ಹೋಗುವ ಪ್ರಶ್ನೆಯೇ ಇಲ್ಲ. ಕೈ ಜಾಸ್ತಿ ತಾಗುವ ಕಡೆ ಮೇಲ್ಮೈ ನುಣುಪಾಗಿ ಹೊಳೆಯುತ್ತಿದೆ, ಅಷ್ಟೇ. ತಿರುಗುವಿಕೆ ಬಿಗಿ ಬೇಕಾ ಸಡಿಲ ಬೇಕಾ ಅನ್ನುವುದನ್ನು ನಡು ತುಂಡಿನ ಮುಚ್ಚಳ ತೆಗೆದು ನಾವೇ ಹೊಂದಿಸಿಕೊಳ್ಳಬಹುದು. ಆರೂ ಕಡೆ ಒಂದೇ ಅಳತೆ ಇರಲಿ, ಅದೊಂದು ನೆನಪಿಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆದರೆ ಎಷ್ಟು ಒಳ್ಳೆಯ ಕ್ಯೂಬ್ ಆದರೂ ತೊಡರುತ್ತದೆ.

ನಿರ್ವಹಣೆ ದೊಡ್ಡ ಕೆಲಸವೇನಲ್ಲ. ನಮ್ಮ ಬೇಸಿಗೆಯ ಧೂಳು ಮತ್ತು ಕೈ ಬೆವರು ಸೇರಿ ಒಳಗೆ ಕಪ್ಪು ಜಿಡ್ಡು ಕಟ್ಟುತ್ತದೆ. ಆಗ ತಿರುಗುವಿಕೆ ಭಾರ ಆಗುತ್ತದೆ. ಒಂದು ಪದರವನ್ನು ಅರ್ಧ ತಿರುಗಿಸಿ, ಅಂಚಿನ ತುಂಡೊಂದನ್ನು ಹೆಬ್ಬೆರಳಿನಿಂದ ಎಬ್ಬಿಸಿದರೆ ಉಳಿದವು ಸುಲಭವಾಗಿ ಬರುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ, ಒಂದೆರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ತಿರುಗಿಸಿದರೆ ಮತ್ತೆ ಹೊಸದರ ಹಾಗೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಮಾತ್ರ ಬೇಡ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ, ಪೆಟ್ರೋಲಿಯಂ ಮೂಲದ ಎಣ್ಣೆ ಪ್ಲಾಸ್ಟಿಕ್ ಅನ್ನೇ ಹಾಳು ಮಾಡಬಹುದು.

ಬಿಚ್ಚಿದ ಮೇಲೆ ಜೋಡಿಸುವಾಗ ಎಲ್ಲ ಬಣ್ಣ ಸೇರಿದ ಸ್ಥಿತಿಯಲ್ಲೇ ಜೋಡಿಸಿ. ಇದಕ್ಕೆ ಗಟ್ಟಿ ಕಾರಣ ಇದೆ. ಮನಸ್ಸಿಗೆ ಬಂದಂತೆ ತುಂಡು ಕೂರಿಸಿದರೆ, ಅದು ಬಿಡಿಸಲು ಸಾಧ್ಯವಿರುವ ಸ್ಥಿತಿಯಾಗುವ ಅವಕಾಶ 12ರಲ್ಲಿ 1 ಮಾತ್ರ. ಒಂದೇ ಒಂದು ಮೂಲೆ ತುಂಡು ತನ್ನ ಜಾಗದಲ್ಲೇ ತಿರುಚಿಕೊಂಡಿದ್ದರೂ ಸಾಕು, ಆ ಕ್ಯೂಬ್ ಅನ್ನು ಜಗತ್ತಿನ ಯಾರೂ ತಿರುಗಿಸಿ ತಿರುಗಿಸಿ ಬಿಡಿಸಲು ಆಗುವುದಿಲ್ಲ. ಸಡಿಲ ಕ್ಯೂಬ್ ಕೆಳಗೆ ಬಿದ್ದಾಗ ಹೀಗೆ ಆಗುವುದುಂಟು. ಪಕ್ಕದ ಮನೆಯ ಮಕ್ಕಳು ನನ್ನ ಹತ್ತಿರ ತರುವ ದೂರುಗಳಲ್ಲಿ ಇದೇ ಜಾಸ್ತಿ. ಎಲ್ಲ ಬಂತು ಅಂಕಲ್, ಕೊನೆಯ ಮೂಲೆ ಮಾತ್ರ ಬರ್ತಿಲ್ಲ ಅಂತಾರೆ. ಬೆರಳಿನಿಂದ ಆ ಮೂಲೆಯನ್ನು ತಿರುಚಿ ಕೊಟ್ಟರೆ ಮುಖ ಅರಳುತ್ತದೆ.

ಈಗ ಕಲಿಕೆಯ ವಿಷಯ. ಕ್ಯೂಬ್ ಬುದ್ಧಿವಂತರ ಆಟ, ಗಣಿತ ಬಲ್ಲವರಿಗೆ ಮಾತ್ರ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇದು ಹೇಗೆ ಹುಟ್ಟಿತು ಅಂತ ಊಹಿಸಬಹುದು. ಹಂಗೇರಿಯ ಬುಡಾಪೆಸ್ಟ್‌ನಲ್ಲಿ ವಿನ್ಯಾಸ ಪಾಠ ಮಾಡುತ್ತಿದ್ದ ಎರ್ನೋ ರೂಬಿಕ್ 1974ರಲ್ಲಿ ಇದನ್ನು ಮಾಡಿದಾಗ, ಕಲಸಿದ ಬಣ್ಣವನ್ನು ಮತ್ತೆ ಕೂಡಿಸಲು ಅವರಿಗೇ ಒಂದು ತಿಂಗಳಷ್ಟು ಹಿಡಿಯಿತು. ಆಗ ಹೇಳಿಕೊಡುವವರು ಯಾರೂ ಇರಲಿಲ್ಲ. ಮೊದಲ ವಿಶ್ವ ಸ್ಪರ್ಧೆ 1982ರಲ್ಲಿ ಅದೇ ಊರಿನಲ್ಲಿ ನಡೆಯಿತು. ಅಮೆರಿಕದಿಂದ ಬಂದಿದ್ದ ಮಿನ್ ಥಾಯ್ 22.95 ಸೆಕೆಂಡಿನಲ್ಲಿ ಮುಗಿಸಿ ಗೆದ್ದರು. ಮುಂದೆ ವಿಶ್ವದಾಖಲೆಗಳು ಹೀಗೆ ಇಳಿದವು: 2023ರಲ್ಲಿ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡ್, 2025ರಲ್ಲಿ ಚೀನಾದ ಪುಟ್ಟ ಹುಡುಗ ಶುವಾನ್‌ಯಿ ಗೆಂಗ್ 3.05. ಮನುಷ್ಯರ ಮೆದುಳು ನಲವತ್ತು ವರ್ಷದಲ್ಲಿ ಬದಲಾಗಿಲ್ಲ. ದಾರಿಗಳು ಸುಧಾರಿಸಿವೆ, ಕ್ಯೂಬ್ ಸುಧಾರಿಸಿದೆ, ಕಲಿತದ್ದನ್ನು ಒಬ್ಬರಿಗೊಬ್ಬರು ಪುಕ್ಕಟೆ ಹೇಳಿಕೊಡುವ ಜನ ಬೆಳೆದಿದ್ದಾರೆ. ನಮ್ಮಂಥವರಿಗೂ ಇದು ಕೈಗೆ ಎಟುಕಿದ್ದು ಅದರಿಂದಲೇ.

ಮೊದಲು ಅರ್ಥವಾಗಬೇಕಾದದ್ದು ಒಂದೇ. ನಡು ತುಂಡುಗಳು ತಮ್ಮ ಜಾಗ ಬಿಡುವುದಿಲ್ಲ. ಬಿಳಿಯ ಎದುರು ಹಳದಿ, ನೀಲಿಯ ಎದುರು ಹಸಿರು, ಕೆಂಪಿನ ಎದುರು ಕಿತ್ತಳೆ. ಎಷ್ಟೇ ಕಲಸಿದರೂ ಇದು ಹಾಗೇ ಇರುತ್ತದೆ. ಹಾಗಾಗಿ ಒಂದೊಂದು ತುಂಡಿಗೂ ಹೋಗಬೇಕಾದ ಮನೆ ಮೊದಲೇ ಗೊತ್ತಾಗಿರುತ್ತದೆ. ಒಂದು ಮುಖ ಬಿಳಿ ಮಾಡುವುದು, ಆಮೇಲೆ ಇನ್ನೊಂದು ಮುಖ ಹಸಿರು ಮಾಡುವುದು ಅಂತ ಹೊರಟರೆ ದಾರಿ ಸಿಗುವುದಿಲ್ಲ. ಪದರ ಪದರವಾಗಿ ಕಟ್ಟಬೇಕು. ಕೆಳಗಿನ ಬಿಳಿ ಪ್ಲಸ್ ಗುರುತು, ಅದರ ಮೂಲೆಗಳು, ನಡುವಿನ ಪದರ, ಕೊನೆಗೆ ಹಳದಿ ಪದರ. ನಿಧಾನವಾಗಿ ಮಾಡಿದರೂ ಕೆಲವೇ ವಾರಗಳಲ್ಲಿ ಯಾರಿಗಾದರೂ ಬರುತ್ತದೆ. ಯಾರಿಗಾದರೂ ಅಂದರೆ ಯಾರಿಗಾದರೂ. ಶಾಲೆ ಅರ್ಧಕ್ಕೆ ಬಿಟ್ಟವರು ನನ್ನ ಎದುರು ಕೂತು ಕಲಿತಿದ್ದಾರೆ.

ತಿರುವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಬಲಗಡೆ ಆರ್, ಮೇಲಿನದು ಯು, ಉಲ್ಟಾ ತಿರುಗಿಸಬೇಕಾದರೆ ಪ್ರೈಮ್. ಮಕ್ಕಳಿಗೆ ಹೇಳಿಕೊಡುವಾಗ ನಾನು ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಮಾತಿನಲ್ಲೇ: ಬಲ ಮೇಲಕ್ಕೆ, ತಲೆ ಎಡಕ್ಕೆ, ಬಲ ಕೆಳಕ್ಕೆ, ತಲೆ ಬಲಕ್ಕೆ. ಈ ನಾಲ್ಕು ತಿರುವಿನ ಗುಂಪು ಕ್ಯೂಬ್ ಲೋಕದ ಮಗ್ಗಿ ಅನ್ನಬಹುದು. ರಾಗ ಹಾಕಿ ಹೇಳಿದರೆ ಐದು ನಿಮಿಷದಲ್ಲಿ ಬೆರಳಿಗೆ ಇಳಿಯುತ್ತದೆ.

ಬಿಡಿಸಿಟ್ಟ ಕ್ಯೂಬ್ ಹಿಡಿದು ಈ ಗುಂಪನ್ನು ಆರು ಸಲ ಮಾಡಿ ನೋಡಿ. ಮೊದಲು ಕಲಸಿಹೋಗುತ್ತದೆ, ಆರನೆಯ ಸಲಕ್ಕೆ ಮತ್ತೆ ಎಲ್ಲ ಬಣ್ಣ ತಮ್ಮ ಮನೆಗೆ ವಾಪಸ್. ಬರೀ ಬಲ ಮೇಲಕ್ಕೆ, ತಲೆ ಎಡಕ್ಕೆ ಅನ್ನುವ ಎರಡೇ ತಿರುವನ್ನು ಮಾಡುತ್ತಾ ಹೋದರೆ 105 ಸಲ ಬೇಕು. ಯಾವ ಸರಣಿಯನ್ನೇ ಆರಿಸಿಕೊಳ್ಳಿ, ಮತ್ತೆ ಮತ್ತೆ ಮಾಡಿದರೆ ಅದು ಮೊದಲಿನ ಸ್ಥಿತಿಗೆ ಬರಲೇಬೇಕು, ಅದಕ್ಕೆ 1260 ಸಲಕ್ಕಿಂತ ಜಾಸ್ತಿ ಯಾವತ್ತೂ ಬೇಕಾಗುವುದಿಲ್ಲ. ಇದನ್ನು ಮೊದಲ ಸಲ ಓದಿದಾಗ ಕ್ಯೂಬ್ ಎತ್ತಿಕೊಂಡು 105 ಸಲವೂ ಎಣಿಸಿದೆ. ಕೊನೆಯ ತಿರುವಿಗೆ ಆರೂ ಮುಖ ಒಟ್ಟಿಗೆ ಸರಿಹೋದಾಗ ಆದ ಸಂತೋಷ ಇನ್ನೂ ನೆನಪಿದೆ.

ಒಟ್ಟು ಸ್ಥಿತಿಗಳ ಸಂಖ್ಯೆ 4,32,52,00,32,74,48,98,56,000. ಹೆಚ್ಚು ಕಮ್ಮಿ 4.3 ಲಕ್ಷ ಕೋಟಿ ಕೋಟಿ. ಇವುಗಳಲ್ಲಿ ಯಾವುದನ್ನೇ ಆದರೂ 20 ತಿರುವಿನೊಳಗೆ ಬಿಡಿಸಬಹುದು ಅಂತ 2010ರಲ್ಲಿ ಕಂಪ್ಯೂಟರ್‌ಗಳ ಸಹಾಯದಿಂದ ಸಾಬೀತು ಮಾಡಿದರು. ಹೊಸಬರ ದಾರಿಯಲ್ಲಿ ನೂರಕ್ಕೂ ಜಾಸ್ತಿ ತಿರುವು ಬೇಕಾಗುತ್ತದೆ. ಆ 20ಕ್ಕೂ ನಮ್ಮ ನೂರಕ್ಕೂ ನಡುವೆ ಎಷ್ಟು ಜಾಗ ಇದೆ ನೋಡಿ. ಹವ್ಯಾಸ ನಡೆಯುವುದು ಆ ಜಾಗದಲ್ಲಿ.

ಒಮ್ಮೆ ಬಿಡಿಸಲು ಬಂದ ಮೇಲೆ ವೇಗ ಹೆಚ್ಚಿಸಿಕೊಳ್ಳಲು ಹೆಚ್ಚಿನವರು ಹಿಡಿಯುವ ದಾರಿ ಸಿಎಫ್‌ಓಪಿ. ಇದನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ದೊಡ್ಡ ಹೆಸರು ಜೆಸಿಕಾ ಫ್ರಿಡ್ರಿಕ್. ಚೆಕೊಸ್ಲೊವಾಕಿಯಾದಲ್ಲಿ ಬೆಳೆದು, ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದವರು. ಈ ದಾರಿಯಲ್ಲಿ ಕೊನೆಯ ಪದರಕ್ಕೆ ಎರಡು ಹೆಜ್ಜೆ. ಮೊದಲು ಮೇಲ್ಮುಖ ಪೂರ್ತಿ ಹಳದಿ ಮಾಡುವುದು, ಅದಕ್ಕೆ 57 ಸರಣಿಗಳು. ಆಮೇಲೆ ತುಂಡುಗಳನ್ನು ಅವುಗಳ ಜಾಗಕ್ಕೆ ಕಳಿಸುವುದು, ಅದಕ್ಕೆ 21. ಇಷ್ಟು ಬಾಯಿಪಾಠ ಮಾಡಬೇಕಾ ಅಂತ ಹೆದರಬೇಡಿ. ಒಂದೊಂದು ಹೆಜ್ಜೆಯನ್ನು ಎರಡಾಗಿ ಮುರಿದುಕೊಂಡರೆ 16 ಸರಣಿಯಲ್ಲಿ ಕೆಲಸ ನಡೆಯುತ್ತದೆ. ನಾನು 21ನ್ನು ಪೂರ್ತಿ ಕಲಿತಿದ್ದೇನೆ, 57ರಲ್ಲಿ ಇಷ್ಟವಾದವನ್ನು ಮಾತ್ರ. ಅದರಿಂದ ನನಗೆ ಯಾವ ಕೊರಗೂ ಇಲ್ಲ.

ನಿಜವಾದ ರುಚಿ ಇರುವುದು ಕೊನೆಯ ಪದರಕ್ಕೂ ಮುಂಚಿನ, ನಡುವಿನ ಹಂತದಲ್ಲಿ. ಎಫ್2ಎಲ್ ಅಂತಾರೆ, ಮೊದಲ ಎರಡು ಪದರಗಳನ್ನು ಒಟ್ಟಿಗೆ ಕಟ್ಟುವುದು. ಒಂದು ಮೂಲೆ, ಅದಕ್ಕೆ ಜೊತೆಯಾಗುವ ಒಂದು ಅಂಚು. ಎರಡೂ ಎಲ್ಲೋ ಇರುತ್ತವೆ. ಅವನ್ನು ಮೇಲಿನ ಪದರಕ್ಕೆ ತಂದು, ಜೋಡಿ ಮಾಡಿ, ಖಾಲಿ ಜಾಗಕ್ಕೆ ಒಟ್ಟಿಗೆ ಇಳಿಸಬೇಕು. ಪುಸ್ತಕದಲ್ಲಿ 41 ಸನ್ನಿವೇಶಗಳ ಪಟ್ಟಿ ಸಿಗುತ್ತದೆ. ದಯವಿಟ್ಟು ಬಾಯಿಪಾಠ ಮಾಡಬೇಡಿ. ಸುಮ್ನೆ ಕೂತು, ಎರಡು ತುಂಡುಗಳನ್ನೇ ನೋಡುತ್ತಾ, ನಿಧಾನವಾಗಿ ತಿರುಗಿಸಿ. ಯಾಕೆ ಹತ್ತಿರ ಬಂದವು, ಯಾಕೆ ದೂರ ಹೋದವು ಅನ್ನುವುದು ಒಂದು ದಿನ ಕಣ್ಣಿಗೆ ಕಾಣಲು ಶುರುವಾಗುತ್ತದೆ. ಅಲ್ಲಿಯ ತನಕ ಬೇರೆಯವರ ಸರಣಿ ಒಪ್ಪಿಸುತ್ತಿರುತ್ತೇವೆ. ಆಮೇಲೆ ನಮ್ಮದೇ ಯೋಚನೆ ನಡೆಯುತ್ತದೆ. ಇಲ್ಲಿಗೆ ಬರುವ ಮುಂಚೆ ಬಿಟ್ಟವರನ್ನು ಕಂಡರೆ, ಇನ್ನೊಂದು ತಿಂಗಳು ಇರಿ ಅಂತ ಕೈ ಹಿಡಿದು ಹೇಳಬೇಕು ಅನಿಸುತ್ತದೆ.

ಎಫ್2ಎಲ್ ಬಂದ ಮೇಲೆ ಮುಂದಿನ ಕಷ್ಟ, ಮುನ್ನೋಟ. ಕೈ ಒಂದು ಜೋಡಿಯನ್ನು ಕೂರಿಸುತ್ತಿರುವಾಗಲೇ ಕಣ್ಣು ಮುಂದಿನ ಜೋಡಿಯನ್ನು ಹುಡುಕಬೇಕು. ಇದಕ್ಕೆ ವೇಗ ಕಮ್ಮಿ ಮಾಡುವುದೇ ಮದ್ದು. ಬೆರಳು ಓಡಿಸಿ, ನಿಂತು, ಹುಡುಕಿ, ಮತ್ತೆ ಓಡಿಸುವವರಿಗಿಂತ ಒಂದೇ ಸಮನೆ ತಿರುಗಿಸುವವರು ಬೇಗ ಮುಗಿಸುತ್ತಾರೆ. ನನ್ನ ಸಮಯ ಒಂದು ನಿಮಿಷದಿಂದ ಅರ್ಧ ನಿಮಿಷಕ್ಕೆ ಇಳಿದಿದ್ದು ಈ ಅಭ್ಯಾಸದಿಂದ. ಅದಕ್ಕೆ ಹೊಸ ಕ್ಯೂಬ್ ಬೇಕಾಗಲಿಲ್ಲ. ಐದು ಸಾವಿರ ರೂಪಾಯಿ ದಾಟುವ ಕ್ಯೂಬ್‌ಗಳನ್ನು ಬೇರೆಯವರ ಕೈಯಿಂದ ಇಸಿದುಕೊಂಡು ತಿರುಗಿಸಿದ್ದೇನೆ. ಚೆನ್ನಾಗಿರುತ್ತವೆ, ಹಗುರ, ಹೊಂದಾಣಿಕೆ ಜಾಸ್ತಿ. ಹದಿನೈದು ಸೆಕೆಂಡಿನೊಳಗೆ ಬಿಡಿಸುವವರಿಗೆ ಅದರ ವ್ಯತ್ಯಾಸ ಕೆಲಸಕ್ಕೆ ಬರಬಹುದು. ನನ್ನ ವೇಗದಲ್ಲಿ ಏನೂ ಬದಲಾಗಲಿಲ್ಲ.

ಇದರಿಂದ ನೆನಪಿನ ಶಕ್ತಿ ಹೆಚ್ಚುತ್ತದೆ, ಮಕ್ಕಳ ಅಂಕ ಹೆಚ್ಚುತ್ತದೆ ಅಂತ ಕೋಚಿಂಗ್ ಜಾಹೀರಾತುಗಳಲ್ಲಿ ಬರುತ್ತದೆ. ಆ ಮಾತು ನಂಬಿ ಸಾವಿರಾರು ರೂಪಾಯಿ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ಕಲಿಯಲು ಬೇಕಾದದ್ದೆಲ್ಲ ಯೂಟ್ಯೂಬ್‌ನಲ್ಲಿ ಪುಕ್ಕಟೆ ಇದೆ, ಟೈಮರ್‌ಗಳೂ ಪುಕ್ಕಟೆ. ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ. ಬಸ್ಸಿಗೆ ಕಾಯುವಾಗ, ಆಸ್ಪತ್ರೆಯ ಬೆಂಚಿನ ಮೇಲೆ, ಕರೆಂಟ್ ಹೋದ ಸಂಜೆ ಕೈ ಫೋನ್ ಕಡೆ ಹೋಗುವುದು ಕಮ್ಮಿ ಆಯಿತು. ಬಿಡಿಸುತ್ತಿರುವಷ್ಟು ಹೊತ್ತು ತಲೆಯಲ್ಲಿ ಬೇರೆ ಏನೂ ಇರುವುದಿಲ್ಲ. ಅದು ನನಗೆ ಸಾಕಷ್ಟು ದೊಡ್ಡ ಲಾಭ. ತುಂಬಾ ಹೊತ್ತು ಬಿಡದೆ ತಿರುಗಿಸಿದರೆ ಮಣಿಕಟ್ಟು ನೋಯುತ್ತದೆ, ನಡುನಡುವೆ ಕೈ ಬಿಡಿ. ಮತ್ತೆ ಶಬ್ದ. ಮಲಗುವ ಕೋಣೆಯಲ್ಲಿ ರಾತ್ರಿ ಬೇಡ, ಮನೆಯವರ ನಿದ್ದೆ ಹಾಳಾಗುತ್ತದೆ.

ಬೇರೆ ಪಜಲ್‌ಗಳ ಬಗ್ಗೆ ಚುಟುಕಾಗಿ. 2×2 ಚಿಕ್ಕದು, 3×3 ಬಂದರೆ ಅದೂ ಬಂದ ಹಾಗೆ. ಪಿರಾಮಿಂಕ್ಸ್ ಅನ್ನುವ ತ್ರಿಕೋನ ಮುಖದ ಪಜಲ್ ಸಣ್ಣ ಮಕ್ಕಳಿಗೆ ಬಹಳ ಒಳ್ಳೆಯ ಶುರು. 3×3 ಆದ ಮೇಲೆ ನಾನು ಹೇಳುವುದು 4×4. ಅದರಲ್ಲಿ ಜಾಗ ಬಿಡದ ನಡು ತುಂಡು ಇಲ್ಲ, ಯಾವ ಬಣ್ಣ ಎಲ್ಲಿ ಅಂತ ನಾವೇ ಕಟ್ಟಬೇಕು. ಕೊನೆಯಲ್ಲಿ ಪ್ಯಾರಿಟಿ ಅಂತ ಒಂದು ಸನ್ನಿವೇಶ ಬರುತ್ತದೆ, ಒಂದೇ ಅಂಚು ಮಗುಚಿಕೊಂಡ ಹಾಗೆ ಕಾಣುತ್ತದೆ. 3×3ರಲ್ಲಿ ಅದು ಆಗುವುದೇ ಇಲ್ಲ. ಯಾಕೆ ಇಲ್ಲಿ ಆಗುತ್ತದೆ ಅಂತ ಯೋಚಿಸುತ್ತಾ ಹೋದರೆ 3×3 ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹನ್ನೆರಡು ಮುಖದ ಮೆಗಾಮಿಂಕ್ಸ್ ನೋಡಲು ಭಯ ಹುಟ್ಟಿಸಿದರೂ ಹೆಚ್ಚಿನ ಭಾಗ 3×3ರ ವಿದ್ಯೆಯೇ. ಬಿಡುವಿರುವ ಭಾನುವಾರಕ್ಕೆ ಅದು ಚೆನ್ನ.

ಸ್ಪರ್ಧೆಗೆ ಹೋಗಿ ಅನ್ನುವುದು ನನ್ನ ದೊಡ್ಡ ಶಿಫಾರಸು. 2004ರಲ್ಲಿ ಶುರುವಾದ ವರ್ಲ್ಡ್ ಕ್ಯೂಬ್ ಅಸೋಸಿಯೇಷನ್ ನಿಯಮದಂತೆ ನಡೆಯುವ ಸ್ಪರ್ಧೆಗಳು ಬೆಂಗಳೂರಿನಲ್ಲೂ ಆಗುತ್ತಿರುತ್ತವೆ. ಒಟ್ಟು 17 ವಿಭಾಗಗಳಿವೆ, ಒಂದೇ ಕೈಯಲ್ಲಿ, ಕಣ್ಣು ಕಟ್ಟಿಕೊಂಡು, ಕಾಗದದ ಮೇಲೆ ಕಮ್ಮಿ ತಿರುವು ಹುಡುಕುವುದು ಸೇರಿ. ವಯಸ್ಸಿನ ಗುಂಪು ಇಲ್ಲ. ಎಂಟು ವರ್ಷದ ಹುಡುಗಿಯ ಪಕ್ಕದಲ್ಲೇ ನಿಮ್ಮ ಕುರ್ಚಿ. ಬಿಡಿಸುವ ಮುಂಚೆ ನೋಡಲು 15 ಸೆಕೆಂಡ್ ಕೊಡುತ್ತಾರೆ. ಐದು ಸಲ ಬಿಡಿಸಬೇಕು, ಒಳ್ಳೆಯದೊಂದು ಕೆಟ್ಟದೊಂದು ತೆಗೆದು ಉಳಿದ ಮೂರರ ಸರಾಸರಿ ಹಿಡಿಯುತ್ತಾರೆ. ಒಂದು ಗುಂಪಿನಲ್ಲಿ ಆಡುವ ಎಲ್ಲರಿಗೂ ಕಂಪ್ಯೂಟರ್ ಕೊಟ್ಟ ಒಂದೇ ಕಲಸು. ಆಡಲು ಬಂದವರೇ ಸರದಿಯಲ್ಲಿ ಕ್ಯೂಬ್ ಕಲಸುತ್ತಾರೆ, ತೀರ್ಪುಗಾರರಾಗಿ ಕೂರುತ್ತಾರೆ, ಓಡಾಡಿ ಕ್ಯೂಬ್ ತಲುಪಿಸುತ್ತಾರೆ.

ಟೈಮರ್ ಮೇಲೆ ಕೈ ಇಟ್ಟಾಗ ಬೆರಳು ನಡುಗುತ್ತದೆ, ಅದಕ್ಕೆ ತಯಾರಾಗಿ ಹೋಗಿ. ಮನೆಯ ಸಮಯ ಅಲ್ಲಿ ಬರುವುದಿಲ್ಲ. ಆದರೆ ಪಕ್ಕದಲ್ಲಿ ಕೂತ ಹೈಸ್ಕೂಲ್ ಹುಡುಗ ನನ್ನ ಎಫ್2ಎಲ್ ನೋಡಿ, ಅಂಕಲ್ ನೀವು ಕ್ಯೂಬ್ ಪೂರ್ತಿ ತಿರುಗಿಸಿ ಹಿಂದೆ ನೋಡ್ತೀರಾ, ಹಿಂದಿನ ಜಾಗಕ್ಕೆ ಹಾಗೇ ಇಳಿಸಬಹುದು ಅಂತ ತೋರಿಸಿಕೊಟ್ಟ. ಅಲ್ಲಿ ಯಾರೂ ತಮ್ಮ ವಿದ್ಯೆ ಮುಚ್ಚಿಡುವುದಿಲ್ಲ. ವೇಗದ ಆಟಗಾರ ತನ್ನ ದುಬಾರಿ ಕ್ಯೂಬ್ ಅನ್ನು ಗುರುತಿಲ್ಲದ ಮಗುವಿನ ಕೈಗೆ ಕೊಟ್ಟು ನೋಡು ಅನ್ನುತ್ತಾನೆ. ಇಷ್ಟು ಒಳ್ಳೆಯ ಜನರ ನಡುವೆ ಒಂದು ದಿನ ಕಳೆಯಲು ಕಟ್ಟುವ ನೋಂದಣಿ ಹಣ ನನಗೆ ಭಾರ ಅನಿಸಿಲ್ಲ.

ಯಾರಿಗೆ ಇದು ಬೇಡ? ಒಂದು ವಾರದಲ್ಲಿ ಫಲ ಕಾಣಬೇಕು ಅನ್ನುವವರಿಗೆ ಬೇಸರ ಆಗಬಹುದು. ಎಫ್2ಎಲ್ ಕಲಿಯುವಾಗ ಸಮಯ ಮೊದಲಿಗಿಂತ ಹೆಚ್ಚಾಗುತ್ತದೆ, ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುತ್ತದೆ. ಅದನ್ನು ತಡೆದುಕೊಳ್ಳಬೇಕು.

ಕೊಳ್ಳುವವರಿಗೆ ಇಷ್ಟು ಹೇಳುತ್ತೇನೆ. ಮೋಯು, ಕ್ವಿಯಿ, ಗ್ಯಾನ್ ಈ ಮೂರರಲ್ಲಿ ಯಾವುದಾದರೂ ಸರಿ, ಹೆಸರಿನ ಜೊತೆ ಮ್ಯಾಗ್ನೆಟಿಕ್ ಅಂತ ಇದೆಯಾ ನೋಡಿ. ಅಳತೆ ಐದೂವರೆ ಸೆಂಟಿಮೀಟರ್ ಆಸುಪಾಸು ಇರಲಿ. ಒಮ್ಮೆ ನಾನು ಉಡುಗೊರೆಗೆಂದು ತರಿಸಿದ ಕ್ಯೂಬ್ ಒಂದರಲ್ಲಿ, ಮಾರಿದವರ ಜಾಹೀರಾತಿನಲ್ಲಿ ಮ್ಯಾಗ್ನೆಟ್ ಇದೆ ಅಂತ ಇದ್ದರೂ ಒಳಗೆ ಇರಲಿಲ್ಲ. ಹಾಗಾಗಿ ಬಂದ ಕೂಡಲೇ ಒಂದು ಪದರವನ್ನು ನಿಧಾನವಾಗಿ ತಿರುಗಿಸಿ. ಕೊನೆಯಲ್ಲಿ ತಾನೇ ಎಳೆದುಕೊಂಡು ಕೂರಬೇಕು. ಕೂರದಿದ್ದರೆ ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಕಳಿಸಿಬಿಡಿ.